ಕಾಯುವ ವಿದ್ಯೆ

ಕನ್ನಡದ ‘ಕಾಯು’ ಎಂಬ ಕ್ರಿಯಾಪದದ ಸ್ವಭಾವ ವಿಚಿತ್ರವಾದುದು. ಅಟ್ಟಣಿಗೆಯ ಮೇಲೆ ಕುಳಿತು ಜೋಳದ ತೆನೆಗೆ ಬರುವ ಹಕ್ಕಿಗಳನ್ನು ಓಡಿಸುವವನು ಹೊಲ ಕಾಯುತ್ತಾನೆ. ನಿಲ್ದಾಣದಲ್ಲಿ ನಿಂತವನು ಬಸ್ಸಿಗೆ ಕಾಯುತ್ತಾನೆ. ಒಂದು ರಕ್ಷಣೆ, ಮತ್ತೊಂದು ನಿರೀಕ್ಷಣೆ. ಎರಡಕ್ಕೂ ನಮಗೆ ಒಂದೇ ಮಾತು ಸಾಕಾಗಿದೆ. ಸಾಲದೆಂಬಂತೆ ಒಲೆಯ ಮೇಲಿಟ್ಟ ನೀರೂ ಕಾಯುತ್ತದೆ. ಹಳಗನ್ನಡಕ್ಕೆ ಹೋದರೆ ‘ಕಾದು’ ಎಂದರೆ ಹೋರಾಡು ಎಂದೇ ಅರ್ಥ. ಕಾದಾಟ ಎಂಬ ಮಾತು ಅದರ ಗುರುತಾಗಿ ಇಂದಿಗೂ ಉಳಿದಿದೆ. ಇವೆಲ್ಲ ಒಂದೇ ಧಾತುವಿನ ಕವಲುಗಳೋ, ಉಚ್ಚಾರಣೆಯ ಸಾಮ್ಯದಿಂದ ಹತ್ತಿರ ಬಂದ ಬೇರೆ ಬೇರೆ ಶಬ್ದಗಳೋ ಎಂಬ ಚರ್ಚೆಯನ್ನು ನಿಘಂಟುಕಾರರಿಗೆ ಬಿಡೋಣ. ರಕ್ಷಿಸುವುದು, ನಿರೀಕ್ಷಿಸುವುದು, ಒಳಗೇ ಬಿಸಿಯೇರುವುದು, ಕೊನೆಗೆ ಹೋರಾಡುವುದು ಈ ನಾಲ್ಕೂ ಒಂದೆಡೆ ಕೂಡುವ ಜಾಗವೊಂದಿದೆ. ಅದು ಕಬಡ್ಡಿಯ ಅಂಕಣ. ಅದರಲ್ಲಿಯೂ ಹಿಡಿಯುವವರು ನಿಂತಿರುವ ಅರ್ಧ.

ಮಹಾರಾಷ್ಟ್ರದಲ್ಲಿ ಹುತುತು, ಬಂಗಾಳದಲ್ಲಿ ಹಾಡುಡು, ತೆಲುಗು ನಾಡಿನಲ್ಲಿ ಚೆಡುಗುಡು, ತಮಿಳರಲ್ಲಿ ಸಡುಗುಡು ಎಂದು ಹಲವು ಹೆಸರುಗಳಿಂದ ಬಾಳಿದ ಈ ಆಟವನ್ನು ನೋಡದವರು ನಮ್ಮಲ್ಲಿ ಇಲ್ಲ. ಆದರೆ ನೋಡುವಾಗ ನಮ್ಮ ಕಣ್ಣು ಎಲ್ಲಿರುತ್ತದೆ? ಉಸಿರು ಕಟ್ಟಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರು ಪಾಳೆಯಕ್ಕೆ ನುಗ್ಗುವ ಒಬ್ಬನ ಮೇಲೆ. ಪತ್ರಿಕೆಯ ತಲೆಬರಹದಲ್ಲಿ ಅವನ ಹೆಸರು, ಚಿತ್ರದಲ್ಲಿ ಅವನ ನೆಗೆತ. ಅವನನ್ನು ಎದುರಿಸಿದ ಏಳು ಮಂದಿ ಏನು ಮಾಡುತ್ತಿದ್ದರು, ಯಾಕೆ ಹಾಗೆ ನಿಂತಿದ್ದರು, ಯಾವ ಕ್ಷಣದಲ್ಲಿ ಏನನ್ನು ಕಂಡು ಮುಂದುವರಿದರು ಎಂಬುದನ್ನು ಕೇಳುವವರು ಕಡಿಮೆ. ಈ ಭಾಷಣ ಆ ಏಳು ಮಂದಿಯನ್ನು ಕುರಿತದ್ದು. ಇಲ್ಲಿ ‘ಅವನು’ ಎಂದಲ್ಲೆಲ್ಲ ‘ಅವಳು’ ಎಂದೂ ಗ್ರಹಿಸಬೇಕು. ಈ ವಿದ್ಯೆಗೆ ಲಿಂಗಭೇದವಿಲ್ಲ.

ಮೊದಲು ರಂಗಸ್ಥಳವನ್ನು ಅಳೆದುಕೊಳ್ಳೋಣ. ಪುರುಷರ ಅಂಕಣದ ಉದ್ದ 13 ಮೀಟರು, ಅಗಲ 10 ಮೀಟರು. ಮಹಿಳೆಯರದು 12 ಮತ್ತು 8. ನಡುವೆ ಮಧ್ಯರೇಖೆ. ಎಂದರೆ ಪುರುಷರ ಒಂದೊಂದು ಪಾಳೆಯದ ಆಳ ಕೇವಲ ಆರೂವರೆ ಮೀಟರು. ಮಧ್ಯರೇಖೆಯಿಂದ 3.75 ಮೀಟರು ದೂರದಲ್ಲಿ ಬಾಕ್ ರೇಖೆ. ದಾಳಿಗೆ ಬಂದವನು ಯಾರನ್ನೂ ಮುಟ್ಟದಿದ್ದರೂ ಆ ಗೆರೆಯನ್ನಾದರೂ ದಾಟಿಯೇ ಹಿಂದಿರುಗಬೇಕು. ಅದರಾಚೆ ಒಂದು ಮೀಟರಿಗೆ ಬೋನಸ್ ರೇಖೆ. ಎದುರಾಳಿಗಳು ಆರೋ ಏಳೋ ಮಂದಿ ಇದ್ದಾಗ ದಾಳಿಗಾರ ಒಂದು ಪಾದವನ್ನು ಆ ಗೆರೆಯಾಚೆ ಊರಿ, ಇನ್ನೊಂದನ್ನು ನೆಲದಿಂದ ಎತ್ತಿದರೆ ಅವನಿಗೊಂದು ಅಂಕ. ಬೋನಸ್ ರೇಖೆಯಿಂದ ಅಂತ್ಯರೇಖೆಗೆ ಉಳಿಯುವುದು 1.75 ಮೀಟರು ಮಾತ್ರ. ಏಳು ಜನ ತಮ್ಮ ಮಾನ ಪ್ರಾಣಗಳನ್ನು ಇಟ್ಟುಕೊಂಡಿರುವುದು ಹೆಚ್ಚು ಕಡಿಮೆ ಈ ಪಟ್ಟಿಯಲ್ಲಿ. ಹಿಂದೆ ಸರಿಯಲು ಜಾಗವಿಲ್ಲ, ಮುಂದೆ ಬಂದರೆ ಅಪಾಯ.

ಅಪಾಯವೇಕೆಂಬುದು ಲೆಕ್ಕದಿಂದ ತಿಳಿಯುತ್ತದೆ. ದಾಳಿಗಾರನನ್ನು ಏಳು ಜನ ಸೇರಿ ಹಿಡಿದು ನಿಲ್ಲಿಸಿದರೂ ಸಿಗುವುದು ಒಂದೇ ಅಂಕ. ಅವನು ಕೊಸರಿಕೊಂಡು ಮಧ್ಯರೇಖೆಯನ್ನು ಬೆರಳ ತುದಿಯಿಂದ ಮುಟ್ಟಿದರೆ ಸಾಕು, ಅವನ ಮೈ ತಾಕಿದವರೆಲ್ಲ ಹೊರಗೆ. ಅಷ್ಟೂ ಅಂಕ ಅವನ ಪಕ್ಷಕ್ಕೆ. ಏಳೂ ಮಂದಿ ಹೊರಗಾದರೆ ಲೋನಾ, ಎಂದರೆ ಮತ್ತೆರಡು ಅಂಕ ಹೆಚ್ಚು. ಹೀಗೆ ಹಿಡಿಯುವವನ ಗೆಲುವು ಸಣ್ಣದು, ಸೋಲು ದೊಡ್ಡದು. ಧೈರ್ಯವೊಂದನ್ನೇ ನೆಚ್ಚಿ ಮೇಲೆ ಬಿದ್ದವನು ತಾನೊಬ್ಬನೇ ಕೆಡುವುದಿಲ್ಲ. ಸಹಾಯಕ್ಕೆ ಧಾವಿಸಿದವರನ್ನೂ ಕೆಡಿಸುತ್ತಾನೆ. ಆಟದ ನಿಯಮಗಳನ್ನು ಮಾಡಿದವರಿಗೂ ಈ ಅಸಮತೆ ಅರಿವಾಗಿರಬೇಕು. ಈಗಿನ ಪ್ರೊ ಕಬಡ್ಡಿಯಲ್ಲಿ ಮೂವರೋ ಅದಕ್ಕಿಂತ ಕಡಿಮೆ ಮಂದಿಯೋ ಉಳಿದಿರುವಾಗ ದಾಳಿಗಾರನನ್ನು ಹಿಡಿದರೆ ಒಂದರ ಬದಲು ಎರಡು ಅಂಕ. ಇದಕ್ಕೆ ಸೂಪರ್ ಟ್ಯಾಕಲ್ ಎಂದು ಹೆಸರು. ಅಲ್ಲದೆ ಒಂದು ಪಕ್ಷದ ಎರಡು ದಾಳಿಗಳು ಸತತವಾಗಿ ಬರಿದಾದರೆ ಮೂರನೆಯದರಲ್ಲಿ ಅಂಕ ಗಳಿಸಲೇಬೇಕು, ಇಲ್ಲವಾದರೆ ಬಂದವನೇ ಹೊರಗೆ. ಈ ನಿಯಮದಿಂದ ಒಂದು ಸೊಗಸಾದ ಪರಿಣಾಮವುಂಟಾಗಿದೆ. ಎರಡು ಸಲ ಸುಮ್ಮನೆ ತಾಳ್ಮೆಯಿಂದ ನಿಂತವರು ಮೂರನೆಯ ಸಲ ಶತ್ರುವನ್ನು ತಮ್ಮ ಬಳಿಗೆ ಬರಲೇಬೇಕಾದ ಸ್ಥಿತಿಗೆ ತಂದಿರುತ್ತಾರೆ. ಇಲ್ಲಿ ಕಾಯುವುದೇ ಒಂದು ಆಯುಧ.

ಏಳು ಜನಕ್ಕೆ ಏಳು ಹೆಸರಿನ ಸ್ಥಾನಗಳಿವೆ. ಎರಡು ತುದಿಗಳಲ್ಲಿ ಎಡ ಮತ್ತು ಬಲ ಕಾರ್ನರ್; ಅವರ ಪಕ್ಕದಲ್ಲಿ ಒಬ್ಬೊಬ್ಬ ಇನ್; ಅವರಿಂದೊಳಗೆ ಒಬ್ಬೊಬ್ಬ ಕವರ್; ನಟ್ಟನಡುವೆ ಸೆಂಟರ್. ಕಾರ್ನರಿನವನು ಕಾಲನ್ನು ನೋಡುವವನು; ಅವನ ಮುಖ್ಯ ಅಸ್ತ್ರ ಕಣಕಾಲಿನ ಹಿಡಿತ, ತೊಡೆಯ ಹಿಡಿತ. ಕವರಿನವನು ದಾರಿಯನ್ನು ನೋಡುವವನು. ಬಂದವನು ಮನೆಗೆ ಹಿಂದಿರುಗುವ ಹಾದಿಗೆ ಅಡ್ಡ ನಿಲ್ಲುವುದು, ಭುಜದಿಂದ ಡಿಕ್ಕಿ ಕೊಟ್ಟು ಅಂಕಣದಾಚೆ ನೂಕುವುದು ಅವನ ಕೆಲಸ. ಇನ್ ಸ್ಥಾನದವನು ಅನೇಕ ವೇಳೆ ಸ್ವತಃ ಒಳ್ಳೆಯ ದಾಳಿಗಾರನಾಗಿರುತ್ತಾನೆ. ಹಿಡಿಯುವುದಕ್ಕಿಂತ ಹಿಡಿದವರಿಗೆ ಒದಗುವುದು ಅವನ ಧರ್ಮ. ಕಾಲು ಹಿಡಿದವನು ಶತ್ರುವನ್ನು ನಿಧಾನಿಸುತ್ತಾನೆ ಅಷ್ಟೆ, ದಾರಿ ಕಟ್ಟಿದವನು ನಿಲ್ಲಿಸುತ್ತಾನೆ, ಮೂರನೆಯವನು ಕೆಡವುತ್ತಾನೆ. ಒಂದು ಒಳ್ಳೆಯ ಹಿಡಿತದಲ್ಲಿ ಯಾರ ಪಾಲೆಷ್ಟು ಎಂದು ಹೇಳುವುದು ಒಂದು ಗುಂಪುಗಾನದಲ್ಲಿ ಯಾರ ದನಿ ಎಷ್ಟು ಎಂದು ಹೇಳಿದಂತೆಯೇ ಕಷ್ಟ.

ಈ ಏಳು ಮಂದಿ ಬಿಡಿಬಿಡಿಯಾಗಿ ನಿಲ್ಲುವುದಿಲ್ಲ. ಒಬ್ಬರ ಕೈಯನ್ನೊಬ್ಬರು ಹಿಡಿದಿರುತ್ತಾರೆ. ಇದಕ್ಕೆ ಚೈನು, ಸರಪಳಿ ಎಂದು ಹೆಸರು. ಎಡ ತುದಿಯಲ್ಲಿ ಇಬ್ಬರ ಸರಪಳಿ, ನಡುವೆ ಮೂವರದು, ಬಲ ತುದಿಯಲ್ಲಿ ಮತ್ತೆ ಇಬ್ಬರದು ಎಂಬುದು ಒಂದು ಸಾಮಾನ್ಯ ವಿನ್ಯಾಸ. ಆಟಗಾರರು ಕಡಿಮೆಯಾದಂತೆ ವಿನ್ಯಾಸವೂ ಬದಲಾಗುತ್ತದೆ. ನೋಡುವವರಿಗೆ ಇದು ಮಕ್ಕಳ ಆಟದಂತೆ ಕಾಣಬಹುದು. ಆದರೆ ಈ ಕೈಗಳಿಗೆ ಒಂದು ಗುಪ್ತ ಭಾಷೆಯಿದೆ. ದಾಳಿಗಾರನ ಮೇಲೆ ನೆಟ್ಟ ಕಣ್ಣನ್ನು ಯಾರೂ ಕೀಳುವಂತಿಲ್ಲ, ಪಕ್ಕದವನನ್ನು ನೋಡುವಂತಿಲ್ಲ, ಮಾತಾಡಿದರೆ ಎದುರಾಳಿಗೂ ಕೇಳುತ್ತದೆ. ಆಗ ಉಳಿಯುವುದು ಅಂಗೈಯ ಒತ್ತು ಮಾತ್ರ. ಮುಂದೆ ಹೋಗೋಣ, ತಡೆ, ಈಗ ಬಿಡು, ಎಂಬುದೆಲ್ಲ ಬೆರಳಿನ ಬಿಗಿಯಲ್ಲಿ ತಿಳಿಯುತ್ತದೆ. ಒಬ್ಬ ತೂಕ ತಪ್ಪಿದರೆ ಇನ್ನೊಬ್ಬ ಹಿಂದಕ್ಕೆಳೆದು ನಿಲ್ಲಿಸುತ್ತಾನೆ. ವರ್ಷಗಟ್ಟಲೆ ಜೊತೆಗೆ ಆಡಿದ ಜೋಡಿಗಳು ಬೆಲೆಬಾಳುವುದು ಈ ಕಾರಣದಿಂದಲೇ.

ಒಂದು ದಾಳಿಯನ್ನು ನಿಧಾನವಾಗಿ ನೋಡೋಣ. ಕಾಲಾವಧಿ 30 ಸೆಕೆಂಡು. ದಾಳಿಗಾರ ನಡುವೆ ನಿಂತಿರುವಾಗ ಸರಪಳಿ ಕುದುರೆಯ ಲಾಳದ ಆಕಾರದಲ್ಲಿ ಹರಡಿರುತ್ತದೆ. ಅವನು ಒಂದು ತುದಿಯ ಕಡೆ ಸರಿದನೆನ್ನಿ. ಆ ತುದಿಯ ಕಾರ್ನರ್ ಹಿಂದೆ ಸರಿಯುತ್ತಾನೆ. ಹೆದರಿ ಸರಿದನೆಂದು ತಿಳಿಯಬಾರದು. ಅದು ಕರೆಯುವ ರೀತಿ. ಅದೇ ವೇಳೆಗೆ ಎದುರು ತುದಿಯವರು ಅರ್ಧಚಂದ್ರಾಕಾರವಾಗಿ ಸುತ್ತಿ ಮುಂದೆ ಬರುತ್ತಾರೆ; ಮಧ್ಯರೇಖೆಗೂ ದಾಳಿಗಾರನಿಗೂ ನಡುವಣ ಜಾಗ ಅವನಿಗೆ ಅರಿವಾಗದಂತೆಯೇ ಕಿರಿದಾಗುತ್ತದೆ. ಅವನು ಬೋನಸ್ಸಿಗಾಗಿ ಕಾಲು ಚಾಚುತ್ತಾನೆ. ಚಾಚಿದ ಕಾಲು ಗೆರೆಯಾಚೆ ಊರಿ, ಹಿಂದಿನ ಪಾದ ನೆಲ ಬಿಟ್ಟ ಆ ಒಂದು ಗಳಿಗೆಯಲ್ಲಿ ಅವನ ದೇಹದ ಭಾರವೆಲ್ಲ ಒಂದೇ ಕಾಲಿನ ಮೇಲಿರುತ್ತದೆ. ಅವನು ಓಡಲಾರ, ನೆಗೆಯಲಾರ. ಕಾರ್ನರ್ ಕಾದಿದ್ದುದು ಅದಕ್ಕೆ. ಅವನ ಕೈ ಕಣಕಾಲಿಗೆ ಬಿದ್ದೊಡನೆ ಕವರ್ ಬಂದು ಹಾದಿಗೆ ಅಡ್ಡವಾಗುತ್ತಾನೆ. ಮಿಕ್ಕವರು ಮೇಲೆ ಬೀಳುತ್ತಾರೆ. ಕಾರ್ನರ್ ಅರ್ಧ ಕ್ಷಣ ಮೊದಲೇ ಧುಮುಕಿದ್ದರೆ ದಾಳಿಗಾರ ಕಾಲನ್ನು ಹಿಂದಕ್ಕೆಳೆದು ಅವನ ಬೆನ್ನು ತಟ್ಟಿ ಹೋಗುತ್ತಿದ್ದ. ಅರ್ಧ ಕ್ಷಣ ತಡವಾಗಿದ್ದರೆ ಬೋನಸ್ ಕೊಟ್ಟು ಕೈ ಬರಿದಾಗುತ್ತಿತ್ತು.

ಇಲ್ಲಿ ಎಲ್ಲಿ ನೋಡಬೇಕು ಎಂಬುದೇ ಅರ್ಧ ವಿದ್ಯೆ. ದಾಳಿಗಾರನ ಕೈಗಳು ಸುಳ್ಳು ಹೇಳುತ್ತವೆ. ಕಣ್ಣುಗಳು ಇನ್ನೂ ಹೆಚ್ಚು ಸುಳ್ಳು ಹೇಳುತ್ತವೆ. ಸೊಂಟ ಮಾತ್ರ ಸುಳ್ಳು ಹೇಳಲಾರದು. ಅದು ತಿರುಗಿದ ಕಡೆಗೇ ದೇಹ ಹೋಗಬೇಕು. ಹೀಗೆ ಹಿಡಿಯುವವನ ಕೆಲಸ ಬಲದ ಕೆಲಸವಾಗುವ ಮೊದಲು ಓದಿನ ಕೆಲಸ. ಅಲಂಕಾರಗಳನ್ನು ದಾಟಿ ಅರ್ಥಕ್ಕೆ ಹೋಗುವ ಒಳ್ಳೆಯ ಓದುಗನಂತೆ ಅವನು ಅಭಿನಯವನ್ನು ದಾಟಿ ಉದ್ದೇಶಕ್ಕೆ ಹೋಗಬೇಕು.

ವ್ಯೂಹವೆಂದೊಡನೆ ನಮ್ಮ ಮನಸ್ಸು ದ್ರೋಣಪರ್ವಕ್ಕೆ ಓಡುತ್ತದೆ. ಕುಮಾರವ್ಯಾಸನನ್ನು ಓದಿದವರಿಗೂ ಗಮಕದಲ್ಲಿ ಕೇಳಿದವರಿಗೂ ಚಕ್ರವ್ಯೂಹದ ಕಥೆ ಎಂದರೆ ಅಭಿಮನ್ಯುವಿನ ಕಥೆ. ಒಳಗೆ ಹೋಗಲು ಬಲ್ಲ, ಹೊರಗೆ ಬರಲು ಅರಿಯದ ಬಾಲಕನ ಕಥೆ. ದಾಳಿಗಾರನ ಪಕ್ಷದಿಂದ ಹೇಳಿದ ಕಥೆ ಅದು. ಆದರೆ ವ್ಯೂಹದ ಕಡೆಯಿಂದ ನೋಡಿದರೆ ಅಂದಿನ ಕಾಳಗವನ್ನು ನಿರ್ಧರಿಸಿದವನು ಸೈಂಧವ. ಅಭಿಮನ್ಯು ಒಳಹೊಕ್ಕ ಮೇಲೆ ಹಿಂದೆ ಬರಬೇಕಾಗಿದ್ದ ಭೀಮಾದಿಗಳನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದವನು ಅವನು. ಕಬಡ್ಡಿಯ ಮಾತಿನಲ್ಲಿ ಹೇಳುವುದಾದರೆ ಅವನು ಕವರ್ ಸ್ಥಾನದಲ್ಲಿದ್ದ. ಒಳಕ್ಕೂ ಹೊರಕ್ಕೂ ಇದ್ದ ಸಂಬಂಧವನ್ನು ಕಡಿದ. ಒಬ್ಬನ ಮೇಲೆ ಹಲವರು ಬಿದ್ದುದು ಅಲ್ಲಿ ಅಧರ್ಮವಾಯಿತು. ಕಬಡ್ಡಿಯಲ್ಲಿ ಅದು ಅಧರ್ಮವಲ್ಲ. ಏಕೆಂದರೆ ಇಲ್ಲಿ ಒಳನುಗ್ಗುವವನು ಎಲ್ಲವನ್ನೂ ತಿಳಿದೇ ನುಗ್ಗುತ್ತಾನೆ, ಹೊರಗಾದವನು ತನ್ನವರು ಒಂದು ಅಂಕ ಗಳಿಸಿದೊಡನೆ ಮತ್ತೆ ಎದ್ದು ಬರುತ್ತಾನೆ. ಸತ್ತವರು ಬದುಕಿ ಬರುವ ಯುದ್ಧವನ್ನು ನಮ್ಮ ಹಿರಿಯರು ಕಂಡುಹಿಡಿದದ್ದು ಸಣ್ಣ ಸಾಧನೆಯಲ್ಲ.

ನಮ್ಮ ಕಲಬುರಗಿಯ ಕೋಟೆಯನ್ನು ನೋಡಿದವರಿಗೆ ರಕ್ಷಣೆಯ ಇನ್ನೊಂದು ಕಲ್ಪನೆ ಪರಿಚಿತ. ಬಹಮನಿ ಸುಲ್ತಾನರು ಬಲಪಡಿಸಿದ ಆ ಕೋಟೆಗೆ ಸುತ್ತ ಕಂದಕ, ಎರಡು ಸುತ್ತಿನ ಗೋಡೆ, ಬುರುಜುಗಳು. ಕಲ್ಲಿನ ಗೋಡೆ ತಾಳ್ಮೆಯಿಂದ ನಿಲ್ಲುತ್ತದೆ, ಆದರೆ ನೋಡಲಾರದು, ಸರಿಯಲಾರದು. ಮನುಷ್ಯರ ವ್ಯೂಹ ನಡೆಯುವ ಕೋಟೆ. ಶತ್ರು ಎಲ್ಲಿರುವನೋ ಅಲ್ಲಿಗೆ ಅದರ ಬುರುಜು ಸರಿಯುತ್ತದೆ. ಈ ನಡೆಯುವ ಕೋಟೆಯ ಕಲ್ಪನೆಯನ್ನು ಅತ್ಯಂತ ವಿಸ್ತಾರವಾಗಿ ಬೆಳೆಸಿದ ಆಟವೊಂದು ಅಮೆರಿಕದ ಕಾಲೇಜುಗಳಲ್ಲಿದೆ. ಇಂದು ಅಲ್ಲಿ ಓದುತ್ತಿರುವ ಮಕ್ಕಳು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಶನಿವಾರ ಬಂತೆಂದರೆ ಊರಿಗೆ ಊರೇ ಆ ಆಟದ ಮೈದಾನಕ್ಕೆ ಹರಿಯುವುದನ್ನು ಅವರು ಬರೆದು ತಿಳಿಸುತ್ತಾರೆ. ಕಬಡ್ಡಿಯನ್ನು ಅರಿಯಲು ಅದರೊಡನೆ ಒಂದು ಹೋಲಿಕೆ ಉಪಯುಕ್ತ.

ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹೊತ್ತೋ ಎಸೆದೋ ಎದುರಾಳಿಯ ನೆಲದೊಳಕ್ಕೆ ಒಯ್ಯುವ ಆಟ ಅದು. ಪಕ್ಷಕ್ಕೆ ಹನ್ನೊಂದು ಜನ. ಚೆಂಡಿರುವ ಪಕ್ಷಕ್ಕೆ ನಾಲ್ಕು ಪ್ರಯತ್ನಗಳಿರುತ್ತವೆ. ಅಷ್ಟರಲ್ಲಿ ಹತ್ತು ಗಜ ಮುಂದುವರಿದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ತಡೆಯುವವರು ಮೂರು ಸಾಲಾಗಿ ನಿಲ್ಲುತ್ತಾರೆ. ಮುಂದಿನ ಸಾಲಿನವರು ಭಾರಿ ಆಳುಗಳು. ಎದುರಿನ ಗೋಡೆಗೆ ಗೋಡೆಯಾಗುವವರು. ಹಿಂದಿನ ಸಾಲಿನವರು ಹಗುರ ಮೈಯ ಓಟಗಾರರು. ದೂರಕ್ಕೆ ಎಸೆದ ಚೆಂಡನ್ನು ಕಾಯುವವರು. ನಡುವಿನ ಸಾಲಿನವನ ಹೆಸರು ಲೈನ್‌ಬ್ಯಾಕರ್. ಮುಂದೆ ನಾಲ್ವರು, ನಡುವೆ ಮೂವರು ಇದ್ದರೆ ಅದು ನಾಲ್ಕು–ಮೂರರ ವ್ಯೂಹ. ಮುಂದೆ ಮೂವರು, ನಡುವೆ ನಾಲ್ವರಿದ್ದರೆ ಮೂರು–ನಾಲ್ಕರದು. ಎರಡರಲ್ಲಿಯೂ ಹಿಂದೆ ನಾಲ್ವರು. ಎಸೆತದ ಆಟ ಹೆಚ್ಚಿದಂತೆ ನಡುವಿನವನೊಬ್ಬನನ್ನು ತೆಗೆದು ಹಿಂದೆ ಐವರನ್ನು ನಿಲ್ಲಿಸುವುದು ರೂಢಿಯಾಯಿತು. ಅಮೆರಿಕದ ಐದು ಸೆಂಟಿನ ನಾಣ್ಯಕ್ಕೆ ನಿಕಲ್ ಎಂದು ಹೆಸರಿರುವುದರಿಂದ ಈ ವ್ಯೂಹಕ್ಕೂ ನಿಕಲ್ ಎಂದೇ ಹೆಸರು ಬಿದ್ದಿದೆ.

ಲೈನ್‌ಬ್ಯಾಕರನ ಸಂಕಟವೇನೆಂದರೆ ಅವನಿಗೆ ಎರಡೂ ಕೆಲಸವಿದೆ. ಎದುರಾಳಿ ಚೆಂಡನ್ನು ಹೊತ್ತು ನುಗ್ಗಿದರೆ ಅವನು ಮುಂದೆ ಧಾವಿಸಬೇಕು. ಚೆಂಡನ್ನು ಎಸೆಯುವುದಾದರೆ ಹಿಂದೆ ಸರಿದು ಬಯಲನ್ನು ಕಾಯಬೇಕು. ಯಾವುದೆಂದು ತಿಳಿಯಲು ಅವನಿಗಿರುವ ಸಮಯ ಒಂದೆರಡು ಹೆಜ್ಜೆಯಷ್ಟು. ಅವನು ಚೆಂಡನ್ನು ನೋಡುವುದಿಲ್ಲ. ಎದುರು ಸಾಲಿನ ರಕ್ಷಕಭಟನ ಮೊದಲ ಹೆಜ್ಜೆಯನ್ನು ನೋಡುತ್ತಾನೆ. ಅವನು ಮುಂದೆ ನೂಕಿ ಬಂದರೆ ಓಟ. ಹಿಂದೆ ಸರಿದು ನಿಂತರೆ ಎಸೆತ. ನಮ್ಮ ಕಾರ್ನರ್ ಸೊಂಟವನ್ನು ನೋಡುವಂತೆಯೇ ಇದೂ ಒಂದು ಓದು. ನಡುವಿನ ಮೂವರಿಗೆ ಮೈಕ್, ಸ್ಯಾಮ್, ವಿಲ್ ಎಂದು ಮನೆಮಾತಿನ ಹೆಸರುಗಳುಂಟು. ಮಧ್ಯದವನು, ಎದುರಾಳಿಯ ಬಲ ಹೆಚ್ಚಿರುವ ಪಕ್ಕದವನು, ಕಡಿಮೆಯಿರುವ ಪಕ್ಕದವನು ಎಂಬ ಇಂಗ್ಲಿಷ್ ಮಾತುಗಳ ಮೊದಲಕ್ಷರದಿಂದ ಹುಟ್ಟಿದ ಹೆಸರುಗಳು ಅವು. ಮಧ್ಯದ ಮೈಕನೇ ಸಾಮಾನ್ಯವಾಗಿ ವ್ಯೂಹದ ಸೂತ್ರಧಾರ. ಎದುರಾಳಿ ನಿಂತ ಬಗೆಯನ್ನು ನೋಡಿ ಕೂಗಿ ಹೇಳಿ ತನ್ನವರನ್ನು ಅತ್ತಿತ್ತ ಸರಿಸುವವನು ಅವನು.

ಇಷ್ಟಾದ ಮೇಲೆ ದಾಳಿಯವರು ಸುಮ್ಮನಿರುವರೇ? ಓದುವವನನ್ನೇ ಓದುವ ಉಪಾಯವನ್ನು ಅವರು ಕಂಡುಕೊಂಡರು. ಕಾಲೇಜು ಆಟದಲ್ಲಿ ಬಹಳ ಬಳಕೆಯಲ್ಲಿರುವ ಆಯ್ಕೆಯ ಆಟದಲ್ಲಿ ಚೆಂಡು ಹಿಡಿದವನು ಓಟವೋ ಎಸೆತವೋ ಎಂಬುದನ್ನು ಮೊದಲೇ ನಿರ್ಧರಿಸಿರುವುದಿಲ್ಲ. ಒಬ್ಬ ಲೈನ್‌ಬ್ಯಾಕರನನ್ನು ದಿಟ್ಟಿಸುತ್ತಾನೆ. ಅವನು ಮುಂದೆ ಬಂದರೆ ಇವನು ಎಸೆಯುತ್ತಾನೆ, ಹಿಂದೆ ಸರಿದರೆ ಓಡುವವನಿಗೆ ಕೊಡುತ್ತಾನೆ. ಕಾಯುವವನು ಏನು ಮಾಡಿದರೂ ತಪ್ಪು. ಕಬಡ್ಡಿಯಲ್ಲಿಯೂ ಬುದ್ಧಿವಂತ ದಾಳಿಗಾರ ಬೋನಸ್ಸಿಗೆ ಕಾಲು ಚಾಚಿದಂತೆ ನಟಿಸಿ ಕಾರ್ನರನ್ನು ಮುಂದೆ ಬರಿಸುತ್ತಾನೆ. ಎರಡಕ್ಕೂ ಇರುವ ಉತ್ತರ ಒಂದೇ: ಆ ಒಬ್ಬನ ತೀರ್ಪು ತಪ್ಪಿದರೂ ಉಳಿದವರು ತಮ್ಮ ಸ್ಥಾನ ಬಿಡದಿರುವುದು. ವ್ಯೂಹವೆಂಬುದು ಗೋಡೆಯಲ್ಲ, ಒಂದು ಒಡಂಬಡಿಕೆ. ನಾನು ಈ ದಾರಿಯನ್ನು ಕಾಯುತ್ತೇನೆ, ಆ ದಾರಿಯನ್ನು ನೀನು ಕಾಯುವೆಯೆಂದು ನಂಬುತ್ತೇನೆ, ಎಂಬ ಮೌನದ ಮಾತು ಅದು. ಎದುರಾಳಿ ಬಲಿಷ್ಠನಾದ ಕಾರಣಕ್ಕೆ ವ್ಯೂಹ ಒಡೆಯುವುದು ಅಪರೂಪ. ನಮ್ಮವನೊಬ್ಬ ಒಬ್ಬನೇ ವೀರನಾಗಲು ಹೊರಟಾಗ ಅದು ಒಡೆಯುತ್ತದೆ.

ಈ ಆಟದ ಚರಿತ್ರೆಯೂ ಕುತೂಹಲಕರವಾದುದು. 1892ರಲ್ಲಿ ಹಾರ್ವರ್ಡ್ ಯೇಲ್ ಪಂದ್ಯದಲ್ಲಿ ಹಾರ್ವರ್ಡಿನವರು ಬೆಣೆಯಾಕಾರದ ಒಂದು ದಾಳಿವ್ಯೂಹವನ್ನು ಪ್ರಯೋಗಿಸಿದರು. ಅದನ್ನು ರಚಿಸಿದ ಲೋರಿನ್ ಡೆಲಂಡ್ ಆಟಗಾರನೇ ಅಲ್ಲ; ನೆಪೋಲಿಯನ್ನನ ಯುದ್ಧತಂತ್ರವನ್ನು ಓದಿ ಅದನ್ನು ಕಲ್ಪಿಸಿದವನು. ಓಡಿ ಬಂದು ಒಬ್ಬನ ಮೇಲೆ ಎಲ್ಲರೂ ಎರಗುವ ಆ ಬೆಣೆಯಿಂದ ಅಪಾಯ ಹೆಚ್ಚಿತೆಂದು 1894ರಲ್ಲಿ ಅದನ್ನು ನಿಷೇಧಿಸಿದರು. ಆದರೂ ಸಾವುನೋವುಗಳು ನಿಲ್ಲದೆ 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನುಗಳ ಪ್ರತಿನಿಧಿಗಳನ್ನು ಕರೆಸಿ ಮಾತಾಡಬೇಕಾಯಿತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಅನುಮತಿ ದೊರೆಯಿತು. ಒಂದೆಡೆ ಕಿಕ್ಕಿರಿದಿದ್ದ ಆಟ ಮೈದಾನದ ತುಂಬ ಹರಡಿತು. ಮುಂದಿನ ಸಾಲಿನಿಂದ ಒಂದು ಹೆಜ್ಜೆ ಹಿಂದೆ ನಿಂತು ಎಲ್ಲವನ್ನೂ ನೋಡಬಲ್ಲವನಿಗೆ ಬೆಲೆ ಬಂತು. ಆ ಕಾಲದ ಮಿಶಿಗನ್ ವಿಶ್ವವಿದ್ಯಾಲಯದ ಅಡಾಲ್ಫ್ ಶುಲ್ಜ್ ಎಂಬಾತನನ್ನು ಮೊದಲ ಲೈನ್‌ಬ್ಯಾಕರ್ ಎಂದು ಹೇಳುವುದುಂಟು. ಹಿಂದೆ ನಿಲ್ಲುವುದು ಹೇಡಿತನವಲ್ಲ, ನೋಟಕ್ಕೆ ಬೇಕಾದ ದೂರ ಎಂಬುದನ್ನು ಆ ಆಟ ಹೀಗೆ ಕಲಿತುಕೊಂಡಿತು.

ಆದರೆ ಬಿರುದುಗಳ ಮಾತು ಬಂದಾಗ ಅಲ್ಲಿಯೂ ಕಥೆ ನಮ್ಮದೇ. ಕಾಲೇಜು ಆಟದ ಅತ್ಯುನ್ನತ ಗೌರವವಾದ ಹೈಸ್‌ಮನ್ ಪ್ರಶಸ್ತಿ 1935ರಿಂದ ನಡೆದುಬಂದಿದೆ. ಪ್ರಧಾನವಾಗಿ ತಡೆಯುವ ಆಟವಾಡಿ ಅದನ್ನು ಪಡೆದವನೆಂದರೆ 1997ರಲ್ಲಿ ಮಿಶಿಗನ್ನಿನ ಚಾರ್ಲ್ಸ್ ವುಡ್‌ಸನ್. 2024ರಲ್ಲಿ ಪಡೆದ ಕೊಲರಾಡೊದ ಟ್ರಾವಿಸ್ ಹಂಟರ್ ಎರಡೂ ಕಡೆ ಆಡಿದವನು. 2012ರಲ್ಲಿ ಮಾಂಟೈ ಟಿಯೊ ಎಂಬ ಲೈನ್‌ಬ್ಯಾಕರ್ ಎರಡನೆಯ ಸ್ಥಾನಕ್ಕೆ ಬಂದದ್ದೇ ದೊಡ್ಡ ಸುದ್ದಿ. ಕೊನೆಗೆ ಲೈನ್‌ಬ್ಯಾಕರರಿಗೆಂದೇ 1985ರಿಂದ ಡಿಕ್ ಬಟ್ಕಸ್ ಹೆಸರಿನ ಬೇರೊಂದು ಪ್ರಶಸ್ತಿಯನ್ನು ಸ್ಥಾಪಿಸಬೇಕಾಯಿತು. ಕಾಯುವವರಿಗೆ ಊಟ ಬೇರೆ ಪಂಕ್ತಿಯಲ್ಲಿ ಎಂದಂತಾಯಿತು.

ಕಾಯುವವರನ್ನು ಮರೆತರೆ ಏನಾಗುತ್ತದೆಂಬುದಕ್ಕೆ ನಮ್ಮ ಕಬಡ್ಡಿಯಲ್ಲಿ ಒಂದು ದೊಡ್ಡ ನಿದರ್ಶನವಿದೆ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಈ ಆಟವನ್ನು ಪ್ರದರ್ಶಿಸಿದ್ದರು. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಇದು ಸೇರಿತು. ಅಲ್ಲಿಂದ 2014ರ ಇಂಚಾನ್‌ವರೆಗೆ ಏಳು ಕೂಟಗಳಲ್ಲಿ ಏಳು ಸಲವೂ ಪುರುಷರ ಚಿನ್ನ ಭಾರತದ್ದೇ. 2018ರ ಆಗಸ್ಟಿನಲ್ಲಿ ಜಕಾರ್ತದ ಉಪಾಂತ್ಯ ಪಂದ್ಯದಲ್ಲಿ ಇರಾನ್ 27, ಭಾರತ 18. ನಲವತ್ತು ನಿಮಿಷದ ಆಟದಲ್ಲಿ ಕೀರ್ತಿವಂತ ದಾಳಿಗಾರರ ತಂಡ ಹದಿನೆಂಟಕ್ಕೆ ನಿಂತಿತು. ಕುಸ್ತಿಯ ಪರಂಪರೆಯ ನಾಡಿನಿಂದ ಬಂದ ಇರಾನಿಯರು 2014ರಲ್ಲಿ ಆರಂಭವಾದ ನಮ್ಮ ಪ್ರೊ ಕಬಡ್ಡಿಯಲ್ಲೇ ಆಡಿ, ನಮ್ಮವರ ಕಾಲಿನ ಪ್ರತಿಯೊಂದು ಚಲನೆಯನ್ನೂ ಓದಿಕೊಂಡು ಹೋಗಿದ್ದರು. ಮಹಿಳೆಯರ ಅಂತಿಮ ಪಂದ್ಯದಲ್ಲಿಯೂ ಇರಾನ್ 27, ಭಾರತ 24. ಆ ಇರಾನಿ ತಂಡಕ್ಕೆ ಕಲಿಸಿದವರು ಮಹಾರಾಷ್ಟ್ರದ ಶೈಲಜಾ ಜೈನ್. ವಿದ್ಯೆ ಯಾರೊಬ್ಬರ ಸೊತ್ತೂ ಅಲ್ಲ; ಕಾದು ಕಲಿತವನದು. ಸಂತೆಯಾದರೋ ಇದನ್ನು ಕೆಲವು ತಿಂಗಳು ಮೊದಲೇ ಅರಿತಿತ್ತು. ಅದೇ ವರ್ಷದ ಪ್ರೊ ಕಬಡ್ಡಿ ಹರಾಜಿನಲ್ಲಿ ಒಂದು ಕೋಟಿ ರೂಪಾಯಿಯ ಮಟ್ಟ ಮುಟ್ಟಿದ ಮೊದಲ ಆಟಗಾರ ದಾಳಿಗಾರನಲ್ಲ. ಇರಾನಿನ ಎಡ ಕಾರ್ನರ್ ಫಜಲ್ ಅತ್ರಾಚಲಿ.

2023ರ ಅಕ್ಟೋಬರಿನಲ್ಲಿ ಹಾಂಗ್‌ಝೌನಲ್ಲಿ ಭಾರತ ಇರಾನನ್ನು 33–29ರಿಂದ ಸೋಲಿಸಿ ಚಿನ್ನವನ್ನು ಮರಳಿ ಪಡೆಯಿತು. ಆ ಪಂದ್ಯ ನೆನಪಿನಲ್ಲಿ ಉಳಿದಿರುವುದು ಒಂದು ಹೆಜ್ಜೆಯ ಕಾರಣದಿಂದ. ಅಂಕಣದ ಎರಡು ಪಕ್ಕಗಳಲ್ಲಿ ಲಾಬಿ ಎಂಬ ಒಂದು ಮೀಟರಿನ ಪಟ್ಟಿಯಿದೆ; ಮುಟ್ಟಾಟವಾದ ಮೇಲಷ್ಟೇ ಅದು ಆಟಕ್ಕೆ ಸೇರುತ್ತದೆ. ಅಂಕ 28–28 ಆಗಿ ಆಟ ಮುಗಿಯುವ ಹೊತ್ತಿನಲ್ಲಿ ಭಾರತದ ಪವನ್ ಸೆಹ್ರಾವತ್ ಲಾಬಿಗೆ ಕಾಲಿಟ್ಟರು. ತಡೆಯಲು ಬಂದ ಇರಾನಿಯರೂ ಬೆನ್ನಟ್ಟಿ ಅದೇ ಪಟ್ಟಿಗೆ ಬಂದರು. ಮುಟ್ಟಾಟವಾಗಿರಲಿಲ್ಲ. ಯಾರು ಹೊರಗೆ, ಯಾವ ನಿಯಮದಂತೆ ಎಂಬ ವಾದಕ್ಕೆ ಬಹು ಹೊತ್ತು ಆಟವೇ ನಿಂತುಹೋಯಿತು. ತೀರ್ಪಿನ ವಾದ ಇರಲಿ. ಬೆನ್ನಟ್ಟುವ ಉತ್ಸಾಹದಲ್ಲಿ ತನ್ನ ನೆಲದ ಅಂಚನ್ನು ಮರೆಯಬಾರದೆಂಬ ಪಾಠವಂತೂ ಅಲ್ಲಿದೆ.

ಕರ್ನಾಟಕಕ್ಕೆ ಈ ಆಟದಲ್ಲಿ ಗೌರವದ ಸ್ಥಾನವಿದೆ. ತೇಜಸ್ವಿನಿ ಬಾಯಿಯವರಿಗೆ 2011ರಲ್ಲಿ, ಕಾರ್ಕಳದ ಕಡೆಯ ಮಮತಾ ಪೂಜಾರಿಯವರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಇಬ್ಬರೂ ಏಷ್ಯನ್ ಚಿನ್ನ ಗೆದ್ದವರು. ಅವರಿಗಿಂತ ಮೊದಲೇ, 2001ರಲ್ಲಿ, ಆ ಪ್ರಶಸ್ತಿ ಪಡೆದ ಬಿ. ಸಿ. ರಮೇಶರು ಮುಂದೆ ಗುರುವಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸನ್ನೂ 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್ನನ್ನೂ ಪ್ರೊ ಕಬಡ್ಡಿಯ ಗೆಲುವಿಗೆ ಕೊಂಡೊಯ್ದರು. ತಾನು ಅಂಕಣದ ಹೊರಗೆ ನಿಂತು ಏಳು ಜನರ ಕೈ ಒಂದಾಗುವಂತೆ ಮಾಡುವ ಗುರುವಿನ ಕೆಲಸವೂ ಒಂದು ಬಗೆಯ ಕಾಯುವಿಕೆಯೇ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ಕಾಯುವವನ ಬಂಡವಾಳ ಅವನ ದೇಹ. ಅಮೆರಿಕದ ಆಟದಲ್ಲಿ ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳು ಮಿದುಳನ್ನು ನಿಧಾನವಾಗಿ ಕೆಡಿಸುತ್ತವೆಂಬುದು ಈಗ ತಿಳಿದಿದೆ. ಮರಣಾನಂತರ ದಾನವಾಗಿ ಬಂದ ಆಟಗಾರರ ಮಿದುಳುಗಳನ್ನು ಪರೀಕ್ಷಿಸಿ 2017ರಲ್ಲಿ ಬಾಸ್ಟನ್ನಿನ ವೈದ್ಯರು ಪ್ರಕಟಿಸಿದ ವರದಿಯಲ್ಲಿ, ಕಾಲೇಜು ಮಟ್ಟದವರೆಗೆ ಆಡಿದ್ದ 53 ಜನರಲ್ಲಿ 48 ಮಂದಿಗೆ ಈ ರೋಗದ ಗುರುತು ಕಂಡಿತ್ತು. ತೊಂದರೆಯ ಶಂಕೆಯಿದ್ದವರೇ ಹೆಚ್ಚಾಗಿ ದಾನ ಮಾಡಿದ್ದರಿಂದ ಎಲ್ಲ ಆಟಗಾರರ ಲೆಕ್ಕ ಇದಲ್ಲ. ಆದರೂ ಕಣ್ಣು ತೆರೆಸಲು ಸಾಕು. ಎದುರಾಳಿಯ ತಲೆಗೆ ಗುರಿಯಿಟ್ಟು ಎರಗಿದವನನ್ನು 2013ರಿಂದ ಕಾಲೇಜು ಆಟದಲ್ಲಿ ಪಂದ್ಯದಿಂದಲೇ ಹೊರಹಾಕುತ್ತಾರೆ. ಕಬಡ್ಡಿಯಲ್ಲಿ ಅಂಥ ಡಿಕ್ಕಿಗಳು ಕಡಿಮೆ. ಆದರೆ ಕಣಕಾಲಿಗೆ ಧುಮುಕುವ ಹುಡುಗ ತಲೆಯನ್ನು ಪಕ್ಕಕ್ಕೆ ಸರಿಸಿ ಭುಜ ಕೊಡುವುದನ್ನು ಕಲಿಯದಿದ್ದರೆ ದಾಳಿಗಾರನ ಮೊಣಕಾಲು ಅವನ ಮುಖಕ್ಕೇ ಬರುತ್ತದೆ. ಕೋಟನೂರಿನಂಥ ನಮ್ಮ ಎರೆಭೂಮಿಯ ಊರುಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಮಳೆಗಾಲದಲ್ಲಿ ಕೆಸರಾಗುವ ಈ ನೆಲ ಬೇಸಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುತ್ತದೆ. ಮ್ಯಾಟಿನ ಮೇಲೆ ಆಡಿದವರನ್ನು ದೂರದರ್ಶಕದಲ್ಲಿ ನೋಡಿ ಅದೇ ಧುಮುಕನ್ನು ಈ ನೆಲದ ಮೇಲೆ ಅನುಕರಿಸುವ ಹುಡುಗನ ಮೊಣಕಾಲಿಗೆ, ಮೊಣಕೈಗೆ ಯಾರು ಹೊಣೆ? ಅಂಕಣವನ್ನು ಅಗೆದು ಮೆತ್ತಗೆ ಮಾಡಿಸುವುದು, ಬೀಳುವುದನ್ನು ಮೊದಲು ಕಲಿಸಿ ಹಿಡಿಯುವುದನ್ನು ಆಮೇಲೆ ಕಲಿಸುವುದು ಶಾಲೆಗಳ, ಊರ ಹಿರಿಯರ ಕರ್ತವ್ಯ. ಆಟ ಕಾಯುವ ಮಕ್ಕಳನ್ನು ಕಾಯುವವರು ಬೇಕಲ್ಲವೇ?

ಶಾಲೆಯ ಬಯಲಿನಲ್ಲಿ ತಂಡ ಆರಿಸುವಾಗ ಎಲ್ಲ ಮಕ್ಕಳೂ ದಾಳಿಗೆ ಹೋಗಲು ಕೈ ಎತ್ತುತ್ತಾರೆ. ಅದು ಸಹಜ. ಹೆಸರು ಬರುವ ಕಡೆಗೆ ಮನಸ್ಸು ಹರಿಯುತ್ತದೆ. ಆದರೆ ಆ ಹದಿಮೂರು ಮೀಟರಿನ ಜಗತ್ತಿನಲ್ಲಿ ಪ್ರತಿಯೊಂದು ದಾಳಿಗೂ ಒಬ್ಬನೇ ಹೋಗುತ್ತಾನೆ, ಏಳು ಜನ ಎದುರಿಸುತ್ತಾರೆ. ಪ್ರಪಂಚದ ಲೆಕ್ಕವೂ ಅದೇ ಎಂದು ನನಗೆ ತೋರುತ್ತದೆ. ಗಡಿಯಲ್ಲಿ, ಆಸ್ಪತ್ರೆಯ ರಾತ್ರಿಪಾಳಿಯಲ್ಲಿ, ರೈಲ್ವೆ ಗೇಟಿನ ಬಳಿ, ಮನೆಯೊಳಗೆ, ಬಹು ಮಂದಿಯ ಬಾಳು ಮುನ್ನುಗ್ಗುವುದರಲ್ಲಲ್ಲ, ಪಕ್ಕದವರ ಕೈ ಬಿಡದೆ ನಿಲ್ಲುವುದರಲ್ಲಿ ಕಳೆಯುತ್ತದೆ. ಅವರ ಹೆಸರು ಅಂಕಪಟ್ಟಿಯಲ್ಲಿ ಕಾಣುವುದು ಕಡಿಮೆ. ಮುಂದಿನ ಸಲ ಕಬಡ್ಡಿ ನೋಡುವಾಗ, ಕಣ್ಣನ್ನು ದಾಳಿಗಾರನಿಂದ ಸ್ವಲ್ಪ ಹೊತ್ತು ಸರಿಸಿ, ಹಿಂದಿನ ಗೆರೆಯ ಬಳಿ ಬಾಗಿ ನಿಂತವರ ಕೈಗಳನ್ನು ನೋಡಿರಿ. ಯಾವ ಬೆರಳು ಯಾವಾಗ ಬಿಗಿಯಿತು, ಯಾವಾಗ ಸಡಿಲಿತು ಎಂಬುದು ಕಾಣತೊಡಗಿದರೆ ಆಟದ ಇನ್ನೊಂದು ಅರ್ಧ ನಿಮ್ಮದಾಗುತ್ತದೆ.